ಪೇಶಕಾರ ಮನಿಯ ಮುಂದಿನ ಬಾಗಿಲು

ಸುರಪುರ, ಪೇಶಕಾರ ಮನಿ
ತಾ. 10 ಫೆಬ್ರವರಿ 2025, ಸೋಮವಾರ ಮುಂಜಾನಿ

ನನ್ನ ಅಣ್ಣನ ಮಗಳು, ನಮ್ಮ ಮನಿತನದಾಗ ನನ್ನ ಬಿಟ್ರ ಹಠಕ್ಕ ಎರಡನೇ ನಂಬರಿನಾಕಿ ಪಂಚಶೀಲಾಗ, ಕಾಕಾ ಮರಿಲಿಂಗಪ್ಪನ ಜೈ ಭೀಮ.

ಆರಾಮ ಇದ್ದೀ ಅಂತ ತಿಳಕೊಂಡೀನಿ. ಬೀದರದಾಗ ಈ ಸಲ ಚಳಿ ಭಾಳಂತ. ದವಾಖಾನಿಯಾಗ ರಾತ್ರಿ ಪಾಳಿ ಬಿದ್ರ ಕಾಲಿಗಿ ಸಾಕ್ಸ್ ಹಾಕ್ಕೋ, ಸಣ್ಣಾಕಿ ಇದ್ದಾಗಿಂದ ನಿನ್ನ ಅಂಗಾಲು ಲಗೂನ ತಣ್ಣಗಾಗ್ತಾವ. ರೋಗಿಗಳಿಗಿ ಗುಳಗಿ ನುಂಗ್ರಿ ಅಂತ ಹೇಳೋ ನರ್ಸಬಾಯಿ ತಾನು ಮಾತ್ರ ಕಷಾಯ ಸುದ್ದಾ ಕುಡಿಯೂದಿಲ್ಲ ಅನ್ನೂದು ನನಗ ಗೊತ್ತದ. ಇಲ್ಲಿ ನಿಮ್ಮ ಕಾಕಿ ಸಾವಿತ್ರಿಬಾಯಿ ದಿನಾ ಮೊಣಕಾಲು ನೋವು ಅಂತಾಳ, ಆದ್ರ ನನ್ನ ಬೈಕೋಂತ ಬೆನ್ನು ಹತ್ತಿ ಬರೂ ಮುಂದ ಆ ನೋವು ಎಲ್ಲಿ ಹೋಗ್ತದೋ ಏನೋ. ನಾ ಗಟ್ಟಿ ಅದೀನಿ. ಭೀಮರಾಯನಗುಡಿ ಕಾಲುವಿ ಮ್ಯಾಲ ನೌಕರಿ ಮಾಡಿ ರಿಟೈರಾದ ಮಂದಿಯೊಳಗ ಇನ್ನೂ ಹಲ್ಲೀಲೆ ಕಬ್ಬು ಸಿಗಿದು ತಿನ್ನಾವ ನಾ ಒಬ್ಬನೇ. ಕಾಗದ ಯಾಕ, ಫೋನ್ ಮಾಡಬಾರದೇನು ಅಂತೀ. ಫೋನಿನ್ಯಾಗ ನಾ ಬಾಯಿ ತೆಗಿಯೂದ್ರಾಗ ನೀ ‘ಕಾಕಾ, ಡ್ಯೂಟಿ ಅದ’ ಅಂತ ಕಟ್ ಮಾಡ್ತಿ. ಕಾಗದ ಹಂಗ ಕಟ್ ಮಾಡಾಕ ಬರೂದಿಲ್ಲ. ರಾಮಸಮುದ್ರದಾಗ ಸೋದರಮಾವನ ಮನ್ಯಾಗಿದ್ದು ಐದನೇತ್ತ ತನಕ ಕಲ್ತಾವ ನಾ, ಆದ್ರೂ ನನ್ನ ಅಕ್ಷರ ನೋಡಿ ಇಂಜಿನೀರ ಸಾಹೇಬರು ನಮ್ಮ ಸೆಕ್ಷನ್ನಿನ ಅರ್ಜಿ ಎಲ್ಲಾ ನನ್ನ ಕೈಲೇ ಬರಸ್ತಿದ್ರು. ಇದು ನಿನಗೂ ಗೊತ್ತಿದ್ದದ್ದೇ, ನಾ ಹೇಳದ ವರ್ಷ ಇಲ್ಲ.

ಈಗ ವಿಷಯಕ್ಕ ಬರತೀನಿ. ಹದಿನೈದು ದಿನದ ಹಿಂದ ಕಾಂಟ್ರ್ಯಾಕ್ಟರ್ ವೆಂಕಪ್ಪ ಬಂದಿದ್ದ, ಬಸ್ ಸ್ಟ್ಯಾಂಡಿನ ಬಾಜೂಕ ಲಾಡ್ಜ್ ಕಟ್ಟಿಸ್ಯಾನಲ್ಲ, ಅಂವ. ನಮ್ಮ ಮನಿ ಕೆಡವಿ ಮದುವಿ ಹಾಲ್ ಕಟ್ಟಬೇಕಂತ ಅವನ ಆಸೆ. ಅರ್ಧ ಮನಿ ನಿಮ್ಮಪ್ಪನ ಪಾಲಿಂದು, ಅಣ್ಣ ತೀರಿಹೋದ ಮ್ಯಾಲ ನಿನ್ನ ಹೆಸರಿಗಿ ಅದ. ನಿನ್ನ ದಸ್ಕತ್ತು ಇಲ್ದ ನಾ ಮಾರಾಕ ಬರೂದಿಲ್ಲ, ನನ್ನ ದಸ್ಕತ್ತು ಇಲ್ದ ನೀ ಮಾರಾಕ ಬರೂದಿಲ್ಲ. ಕಿಸೆದಾಗಿಂದ ಒಪ್ಪಿಗಿ ಕಾಗದ ತೆಗದು, ಹುಡುಗಿ ಫೋನಿನ್ಯಾಗ ಹೂಂ ಅಂದಾಳ, ಇದನ್ನ ಬೀದರಕ್ಕ ಕಳಿಸಿಕೊಟ್ರ ಆತು ಅಂತ ನನ್ನ ಮುಂದ ಇಟ್ಟ. ನೀ ಯಾಕ ಹೂಂ ಅಂದಿ ಅನ್ನೂದು ನನಗ ತಿಳೀತದ. ಹೋದ ದಸರಾದಾಗ ನಿನ್ನ ಬಾಡಿಗಿ ಮನಿ ಮಾಲಕ ಗ್ವಾಡಿ ಮ್ಯಾಲಿನ ಬಾಬಾಸಾಹೇಬರ ಫೋಟೋ ನೋಡಿದ, ಮುಂದಿನ ತಿಂಗಳೇ ಅವನ ಮಗ ಪುಣಾದಿಂದ ಬರೂದು ಗಟ್ಟಿ ಆತು, ಮನಿ ಖಾಲಿ ಮಾಡಂದ. ನೀ ಇದನ್ನ ನಿಮ್ಮ ಕಾಕಿಗಿ ಅಷ್ಟೇ ಹೇಳಿದ್ದಿ. ನಿಮ್ಮ ಕಾಕಿ ಹೊಟ್ಟ್ಯಾಗ ಅನ್ನ ಸುದ್ದಾ ನಿಂದ್ರೂದಿಲ್ಲ, ಮಾತು ಹೆಂಗ ನಿಂದರ್ತದ. ಯಾರೂ ಎಬ್ಬಿಸಲಾರದಂಥ ನಾಕು ಗ್ವಾಡಿ ನಿನಗ ಬೇಕು. ತಪ್ಪಲ್ಲ. ಆದ್ರ ದಸ್ಕತ್ತು ಮಾಡೂ ಮುಂಚೆ ಯಾವ ಮನಿ ಮಾರಾಕತ್ತೀ ಅನ್ನೂದು ಗೊತ್ತಿರಬೇಕಲ್ಲ. ನಿಮ್ಮಪ್ಪ ಶ್ರೀಮಂತ ಮಾಸ್ತರ ಸಾಲ್ಯಾಗ ಎಷ್ಟು ಮಾತಾಡ್ತಿದ್ನೋ ಮನ್ಯಾಗ ಅಷ್ಟು ಮೂಕ. ಅದಕ್ಕ ನಾ ಹೇಳತೀನಿ.

ಈ ಮನಿ ಕಟ್ಟಿದಾವ ನಿಜಾಮರ ಕಾಲದ ಒಬ್ಬ ಪೇಶಕಾರ, ತಹಶೀಲ್ದಾರನ ಮುಂದ ಕಾಗದ ಓದಿ ಹೇಳಾವ. ಹೈದರಾಬಾದ ಕಡಿಂದ ಬಂದಾಂವ, ಊರಾಗ ಯಾರೂ ಬಾಡಿಗಿ ಮನಿ ಕೊಡಲಿಲ್ಲ. ಕಂದಾಯದ ಹುಳುಕು ಗೊತ್ತಿದ್ದಾಂವ ಬಾಜೂದ ಗ್ವಾಡಿಗಿ ಕಿವಿ ಹಚ್ಚಿದ್ರ ಹೆಂಗ ಅಂತ ಹೆದರಿಕಿ. ಅಂವ ಸಿಟ್ಟಿಗೆದ್ದು ಗುಡ್ಡದ ಬುಡಕ ಜಾಲಿ ಕಡಿಸಿ, ಅದೇ ಗುಡ್ಡದ ಕಲ್ಲು ಒಡಿಸಿ ಈ ಮನಿ ಎಬ್ಬಿಸಿದ. ಗ್ವಾಡಿ ಎಷ್ಟು ದಪ್ಪ ಅಂದ್ರ ಕಿಡಕಿಯೊಳಗ ನಾ ಅಡ್ಡ ಮಲಗಿ ನೋಡೀನಿ, ಕಾಲಷ್ಟೇ ಹೊರಗ ಉಳದ್ವು. ಆ ಮನಿತನದ ಕಡೀ ಮನಷ್ಯಾಳು ಗೌಹರಬೇಗಂ, ಪೇಶಕಾರನ ಸೊಸಿ. ನಿಜಾಮರ ರಾಜ್ಯ ಹೋದ ಮ್ಯಾಲ ಅಕಿ ಮಂದಿ ಒಬ್ಬೊಬ್ಬರೇ ಹೈದರಾಬಾದಕ್ಕ ನಡದ್ರು. ನಿನಗ ಇಲ್ಲಿ ಇನ್ನೇನದ ಅಂತ ಓಣಿಯವರು ಕೇಳಿದ್ರಂತ. ಅಕಿ ಮುಂದಿನ ಬಾಗಿಲು ಹಗಲೆಲ್ಲಾ ಹಾರು ಹೊಡದು, ಪಡಸಾಲಿಯಾಗ ಅಡಕಿ ಕತ್ತರಿಸ್ಕೋಂತ ಕುಂದ್ರತಿದ್ಲು. ಕಣ್ಣು ಕಾಣದಂಗಾದ ಮ್ಯಾಲ ಮಗ ಬಂದು ಕರಕೊಂಡು ಹೋದ. ಹೋಗೂ ಮುಂದ ಮನಿ ಕೊಟ್ಟದ್ದು ಚನ್ನಯ್ಯ ಮಾಸ್ತರಗ. ಅಂವ ಗಂಡ ಸತ್ತ ಕಲ್ಯಾಣಮ್ಮನ್ನ ಲಗ್ನ ಆಗಿದ್ದ. ಅಯ್ಯನವರ ಮನಿತನದಾಗ ಇದೆಂಥಾ ಕೆಲಸ ಅಂತ ಅವನ ಸ್ವಂತ ಮಂದಿ ಪಂಕ್ತಿ ಬಿಡಿಸಿದ್ರು. ಅವರಿಗೂ ಊರಾಗ ಬಾಡಿಗಿ ಮನಿ ಇರಲಿಲ್ಲ. ಮಾಸ್ತರ ತೀರಿಕೊಂಡ ಮ್ಯಾಲ ಕಲ್ಯಾಣಮ್ಮ ಅಂಗಳ ಹಾಳು ಬೀಳಬಾರದಂತ ಕುರಿ ಕಾಯೋ ಬಸವಣ್ಣನ ಮಂದಿಗಿ ಇರಾಕ ಕೊಟ್ಲು. ಕುರಿ ನಾತ ತಡಿಯಾಕ ಆಗೂದಿಲ್ಲ ಅಂತ ಓಣಿ ಮಂದಿ ಜಗಳಕ್ಕ ಬಂದ್ರು. ಕಲ್ಯಾಣಮ್ಮ ಅಂದದ್ದು ಇನ್ನೂ ಹಳಬರು ಹೇಳತಾರ: “ಕುರಿ ಮುಂಜಾನೆದ್ದು ಅಡವಿಗಿ ಹೋಗ್ತಾವ. ನೀವು ಎಲ್ಲಿಗಿ ಹೋಗ್ತೀರಿ?”

ನೋಡು ಮಗಳ, ಈ ಮನ್ಯಾಗ ಇದ್ದಾವ ಯಾವನನ್ನೂ ಊರು ಬಾ ಅಂತ ಕರದು ಕುಂದ್ರಿಸಿಲ್ಲ. ಎಲ್ಲಾರೂ ಬ್ಯಾಡಾದವರೇ. ಆದ್ರ ಇನ್ನೊಂದು ಮಾತು ಹೇಳದಿದ್ರ ನನ್ನ ಬಾಯಿ ಸುಳ್ಳಾಗ್ತದ. ಈ ಬ್ಯಾಡಾದವರಿಗೂ ಬ್ಯಾಡಾದವರು ಇದ್ರು. ನಮ್ಮವ್ವ, ನಿಮ್ಮಜ್ಜಿ ಲಾಲಮ್ಮ, ಆ ಅಂಗಳದ ಹಿಕ್ಕಿ ಬಳದು, ಸಗಣಿ ಸಾರಿಸಿ, ಬುಟ್ಟಿ ಹೊತ್ತು ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದ ಹೋಗ್ತಿದ್ಲು. ನಾನೂ ಅಣ್ಣನೂ ಅಕಿ ಸೀರಿ ಹಿಡಕೊಂಡು ಅಲ್ಲೇ ನಿಂದ್ರತಿದ್ವಿ. ಕಲ್ಯಾಣಮ್ಮ ಒಳ್ಳೆಯಾಕಿ, ಹಬ್ಬದಾಗ ಹೋಳಿಗಿ ಕೊಡಾಕಿ, ಜ್ವರ ಬಂದ್ರ ಕೇಳಾಕಿ. ಆದ್ರ ನೀರು ಹಾಕೂ ಮುಂದ ತಂಬಿಗಿ ಮ್ಯಾಲೇ ಇರತಿತ್ತು, ನಮ್ಮ ಬೊಗಸಿ ಕೆಳಗೇ ಇರತಿತ್ತು.

ಅಣ್ಣ ಮಾಸ್ತರಕಿ ಕಲ್ತು ಊರಿಗೇ ವರ್ಗ ಮಾಡಿಸಿಕೊಂಡು ಬಂದ. ನೀ ಹೊಟ್ಟ್ಯಾಗಿದ್ದಿ. ಕೇರಿ ಗುಡಿಸಲು ಸೋರತಿತ್ತು, ಬಾಡಿಗಿ ಮನಿ ಹುಡುಕಿದ. ಮಾಸ್ತರಂತ ಕುರ್ಚಿ ಹಾಕೋರು, ಹೆಸರು ಕೇಳೋರು, ಅಪ್ಪನ ಹೆಸರು ಕೇಳೋರು, ಆಮ್ಯಾಲ ಮನಿ ಸುಣ್ಣ ಹಚ್ಚೂದದ ಅನ್ನೋರು. ಅದೇ ಹೊತ್ತಿಗಿ ಮುದುಕಿ ಕಲ್ಯಾಣಮ್ಮ ಯಾದಗಿರಿಗಿ ಮಗಳ ಮನಿಗಿ ಹೊಂಟಿದ್ಲು. ಅಣ್ಣ ಹೋಗಿ ಮನಿ ಖರೀದಿಗಿ ಕೇಳಿದ. ಕೊಡತೀನಿ ಅಂದ್ಲು. ಓಣಿ ಅನ್ನೋ ಓಣಿ ಎದ್ದು ಬಂತು, ನಮಗ ಹೇಳದ ಕೇಳದ ಹೆಂಗ ಕೊಡತಿ ಅಂತ. “ನನಗ ಕೊಡೂ ಮುಂದ ನಿಮ್ಮನ್ನ ಯಾರು ಕೇಳಿದ್ರು?” ಅಂದ್ಲಂತ. ತಂಬಿಗಿ ಲೆಕ್ಕ ಅಕಿ ಅವತ್ತ ತೀರಿಸಿದ್ಲು ಅಂತ ಅಣ್ಣ ಅಂತಿದ್ದ. ನಾ ಹಂಗ ಅನ್ನೂದಿಲ್ಲ. ಮನಿ ಕೊಟ್ಲು, ಅಷ್ಟು ಸಾಕು.

ಸಾಮಾನು ಹೇರಿದ ಬಂಡಿ ಹೊಡದಾವ ನಾನೇ. ಓಣಿ ನಡುವ ಬೇಕಂತ ಎತ್ತು ನಿಂದ್ರಿಸಿ, ಬೀಡಿ ಹಚ್ಚಿ, ಎಲ್ಲಾರಿಗೂ ಕಾಣೂವಂಗ ಹೊಗಿ ಬಿಟ್ಟೆ. ಅಷ್ಟು ಮೆರದಾಂವ ಏನು ಮಾಡಿದ ಗೊತ್ತೇನು, ಬಂಡಿ ಸೀದಾ ಹಿತ್ತಲಿಗಿ ತಿರುವಿದ. ಯಾರೂ ತಿರುವು ಅಂದಿರಲಿಲ್ಲ. ಸಾಮಾನೆಲ್ಲಾ ಹಿತ್ತಲ ಬಾಗಿಲಿಂದ ಇಳೀತು, ನಾವೂ ಅಲ್ಲಿಂದನೇ ಒಳಗ ಹೋದ್ವಿ. ನೀ ಹುಟ್ಟಿದಿ, ತೊಟ್ಟಿಲೂ ಅಲ್ಲಿಂದನೇ ಬಂತು. ಖರೀದಿ ಕಾಗದ ಟ್ರಂಕಿನ್ಯಾಗ ಇಟಗೊಂಡು, ಸ್ವಂತ ಮನಿಗಿ ಮಳಿಗಾಲ ಕಳದು ಚಳಿಗಾಲ ಬರೂ ತನಕ ಹಿಂದಿನಿಂದ ಓಡಾಡಿದ ಮಾಲಕರು ನಾವು. ಯಾರಿಗೂ ಅದು ಹೊಳದಿರಲಿಲ್ಲ. ಕಡೀಕ ಒಂದಿನ ಸಾಲಿಯ ಇನ್ನೊಬ್ಬ ಮಾಸ್ತರ ಬಂದು ನೋಡಿ, “ಊರಿಗಿ ಹೋಗಿದ್ರೇನ್ರಿ ಶ್ರೀಮಂತ ಮಾಸ್ತರ? ಬಾಗಿಲಿಗಿ ಜೇಡ ಬಲಿ ಕಟ್ಯಾದ” ಅಂತ ಅಣ್ಣಗ ಕೇಳಿದ.

ಅಣ್ಣ ಅವತ್ತ ಉಣ್ಣಲಿಲ್ಲ. ಮುಂದಿನ ರವಿವಾರ ಗುಡ್ಡದಿಂದ ಕಲ್ಲು ತಂದು ಹಿತ್ತಲ ಬಾಗಿಲು ಮುಚ್ಚಿದ. ಕೆಸರು ಕಲಸಿದಾವ ನಾ, ಗ್ವಾಡಿ ಇವತ್ತಿಗೂ ಗಟ್ಟಿ ಇದ್ರ ಅದು ನನ್ನ ಕೆಸರಿನ ಗುಣ. ಅವ್ವ ಹೊಲದ ಕೂಲಿ ಮುಗಿಸಿ ಹೊತ್ತು ಮುಣುಗೂ ಮುಂದ ಬಂದ್ಲು. ಹಿತ್ತಲಿಗಿ ಹೋದ್ಲು, ಕಲ್ಲು ಮುಟ್ಟಿ ನೋಡಿದ್ಲು, ಸುತ್ತು ಹಾಕಿ ಮುಂದ ಬಂದು ಕಟ್ಟಿ ಮ್ಯಾಲ ಕುಂತು ಬಿಟ್ಲು. ಒಳಗ ಬಾ ಅಂದ್ರ ಇಲ್ಲೇ ಗಾಳಿ ಛಲೋ ಅದ ಅಂತಾಳ. ಕಾಲಾಗ ಕೆಸರದ ಅಂತಾಳ. ಎದುರಿನ ಕಟ್ಟಿ ಮ್ಯಾಲ ಓಣಿ ಮಂದಿ ತಮಾಷಾ ನೋಡಾಕ ಕುಂತಾರ. ಅಣ್ಣ ಒಳಗ ಕಂಬಕ್ಕ ಆತು ನಿಂತಾನ. ಯಾರಿಗೂ ತೋಚದ್ದು ನನಗ ತೋಚಿತು. ತೊಟ್ಟಿಲಿಗಿ ಹೋಗಿ ನಿನ್ನ ತೊಡಿ ಚಿವುಟಿದೆ. ಏನು ಚೀರಿದಿ ನನ್ನವ್ವ, ಗುಡ್ಡದ ಮ್ಯಾಲಿನ ಮಂಗ್ಯಾ ಎಲ್ಲಾ ಹೌಹಾರಿದ್ವು. ಅವ್ವ ಕೂಸಿಗಿ ಏನಾತು ಅಂತ ಎದ್ದು, ಮುಂದಿನ ಬಾಗಿಲಿಂದ ಓಡಿ ಬಂದು ನಿನ್ನ ಎತ್ತಿಕೊಂಡ್ಲು. ನಿನ್ನ ಸುಮ್ಮಗ ಮಾಡಿದ ಮ್ಯಾಲ ತಾ ಎಲ್ಲಿ ನಿಂತೀನಿ ಅನ್ನೂದು ಅಕಿಗಿ ಗೊತ್ತಾತು. ನಾ ಓಣಿಯವರ ಕಣ್ಣಿಗಿ ಬ್ಯಾಡಂತ ಬಾಗಿಲು ಮುಂದ ಮಾಡಾಕ ಹೋದೆ. ಅಕಿ ಸೆರಗು ಸರಿ ಮಾಡಿಕೊಂಡು ಅಂದದ್ದು ಇಷ್ಟೇ: “ಹಾಕಬ್ಯಾಡ. ನೋಡೋರು ನೋಡ್ಲಿ.”

ಇಂಥಾ ಮನಿ ಕೇಳಾಕ ವೆಂಕಪ್ಪ ಬಂದು, ನಮ್ಮ ಚಹಾ ಕುಡಕೋಂತ, ಅಗದೀ ಸಮಾಧಾನದಿಂದ ಏನಂದ ಕೇಳು: “ಮರಿಲಿಂಗಪ್ಪ, ನಿಮ್ಮ ಮಂದಿಗಿ ಇಷ್ಟು ದೊಡ್ಡ ಮನಿ ಒಗ್ಗೂದಿಲ್ಲೋ. ಹೊಸ ಬಡಾವಣ್ಯಾಗ ನಿಮ್ಮವರ ನಡುವ ಇದ್ರ ನಿಮಗೂ ಸುಖ, ನಮಗೂ ಸುಖ.” ಈ ಮನಿ ನಾವು ಅವನ ಜಾತಿಯವರ ಕೈಯಾಗಿಂದ ಕಸಗೊಂಡಂಗ ಮಾತಾಡತಾನ. “ನಿಮ್ಮ ಸುಖಕ್ಕ ನಾವೇನೂ ಹೊಣಿ ಅಲ್ಲರೀ” ಅಂದೆ. ನಕ್ಕ. ಹುಡುಗಿ ಒಪ್ಪ್ಯಾಳ, ನೀ ಯಾಕ ಅಡ್ಡ ಆಗತಿ ಅಂದ. ಅದಕ್ಕ ನಾ, ಹುಡುಗಿ ಮುಂಜಾನೆ ಫೋನ್ ಮಾಡಿ ಒಲ್ಲೆ ಅಂದಾಳ ಅಂತ ಹೇಳಿಬಿಟ್ಟೆ. ಅಷ್ಟಕ್ಕೇ ಬಿಡಲಿಲ್ಲ, ಹೋಟೆಲಿನ್ಯಾಗ ಹೇಳಿದೆ, ಕಟಿಂಗ್ ಅಂಗಡ್ಯಾಗ ಹೇಳಿದೆ, ರಂಗಂಪೇಟಿ ತನಕ ನಡಕೋಂತ ಹೋಗಿ ಹೇಳಿ ಬಂದೀನಿ. ನನ್ನ ಮರ್ಯಾದಿ ಈಗ ನಿನ್ನ ಬಾಯಾಗ ಅದ. ನನ್ನ ಸುಳ್ಳು ಖರೇ ಮಾಡೂದು ನಿನಗ ಹೊಸಾದೇನಲ್ಲ, ತೊಟ್ಟಿಲಾಗಿದ್ದಾಗಿಂದ ಮಾಡ್ಕೋಂತ ಬಂದೀ.

ನಿಮ್ಮ ಕಾಕಿ ಶೇಂಗಾ ಹಿಂಡಿ ಕಟ್ಟಿ ಇಟ್ಟಾಳ, ಬೀದರಕ್ಕ ಹೋಗೋರು ಯಾರರ ಸಿಕ್ರ ಕಳಸ್ತೀವಿ. ವೇಳ್ಯಾಕ್ಕ ಸರಿಯಾಗಿ ಉಣ್ಣು, ಯಾರ ಮುಂದೂ ತಲಿ ಬಗ್ಗಿಸಿ ನಡಿಬ್ಯಾಡ, ಬಗ್ಗಿಸಿದ್ರ ಚಪ್ಪಲಿ ಹುಡುಕಾಕ ಮಾತ್ರ. ಬುದ್ಧನ ದಯಾ ನಿನ್ನ ಮ್ಯಾಲ ಇರಲಿ, ಸಿಟ್ಟು ನನ್ನಂಥದೇ ಇರಲಿ.

ನಿನ್ನ ಕಾಕಾ,
ಮರಿಲಿಂಗಪ್ಪ

ತಾ.ಕ.: ಟಪಾಲು ಡಬ್ಬಿ ಬಿಚ್ಚೂ ಹೊತ್ತಾತು, ಲಗೂನ ಬರದು ಮುಗಸ್ತೀನಿ. ರಾಮಸಮುದ್ರದಾಗ ನೌಕರಿ ದುಡ್ಡಿನ್ಯಾಗ ತಗೊಂಡಿದ್ದ ನನ್ನ ಹೊಲ ಹೋದ ವಾರ ಮಾರಿದೆ. ರೊಕ್ಕ ನಿನ್ನ ಖಾತೆಕ್ಕ ಹಾಕೀನಿ, ಫೋನಿಗಿ ಮೆಸೇಜ್ ಬಂದ್ರ ಕಳ್ಳರು ಹಾಕ್ಯಾರಂತ ಹೆದರಬ್ಯಾಡ. ಬೀದರದಾಗ ನಿನಗ ಬೇಕಾದಲ್ಲಿ ಜಾಗ ತಗೊಂಡು ಮನಿ ಕಟ್ಟಿಸು. ಕಾಕಿ ಒಪ್ಪ್ಯಾಳ, ನನಗಿಂತ ಮೊದಲು ಹೂಂ ಅಂದಾಕಿ ಅಕಿನೇ. ಹೊಲ ಯಾಕ ಮಾರಿದಿ ಅಂತ ಜಗಳ ತೆಗಿಬ್ಯಾಡ. ಹೊಲಕ್ಕ ನಮ್ಮನ್ನ ಯಾರೂ ಯಾವತ್ತೂ ಬ್ಯಾಡ ಅಂದಿಲ್ಲ, ಕೋಳಿ ಕೂಗೂದ್ರಾಗ ಬಂದು ಕೂಲಿಗಿ ಕರಕೊಂಡು ಹೋಗ್ಯಾರ. ಕರೀದೇ ಇದ್ದದ್ದು ಮನಿಯೊಳಗ ಮಾತ್ರ. ಅದಕ್ಕ ಹೊಲ ಕೊಟ್ಟೀನಿ, ಮನಿ ಕೊಡೂದಿಲ್ಲ.