ಕಾಗದದ ಹಿಂಬದಿಯಲ್ಲಿ ಬರೆದದ್ದು

ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಮಾಣಪತ್ರಗಳಿಗೆ ಸಹಿ ಹಾಕುವ ಮಾನ್ಯರೇ,

ನೀವು ಕೊಟ್ಟ ಕಾಗದವನ್ನು ನಂಬಿ ನನ್ನ ಮಗ ತನ್ನ ಹೆಂಡತಿಯನ್ನು ನಂಬುವುದು ಬಿಟ್ಟಿದ್ದಾನೆ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ಅದರ ವಿವರ. ಪುರುಸೊತ್ತಿದ್ದರೆ ಓದಿ, ಇಲ್ಲದಿದ್ದರೂ ಓದಿ. ಶಾಲೆ ಕಂಡವಳಲ್ಲ ನಾನು, ನಮ್ಮ ಬೈಂಡಿಂಗ್ ಅಂಗಡಿಗೆ ಬರುವ ಬಿಡಿ ಹಾಳೆಗಳಲ್ಲಿ ಅಕ್ಷರ ಕಲಿತವಳು. ಈವರೆಗೆ ನೆಂಟರಿಷ್ಟರಿಗೆ ಮಾತ್ರ ಪತ್ರ ಬರೆದು ಅಭ್ಯಾಸ. ಸಲುಗೆ ಹೆಚ್ಚಾದರೆ ಮನ್ನಿಸಿ.

ಮಗ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾನೆ, ಸೊಸೆ ಹಾಳೆ ಹೊಲಿಯುತ್ತಾಳೆ. ಇಬ್ಬರು ಮಕ್ಕಳು, ಎರಡೂ ಹೊಟ್ಟೆ ಕೊಯ್ದೇ ಆದ ಹೆರಿಗೆ. ಎರಡನೆಯ ಸಲ ಅವಳು ಎದ್ದು ಕೂರುವುದೇ ಕಷ್ಟವಾಗಿತ್ತು. ಅದನ್ನು ನೋಡಲಾರದೆ ಮಗ, "ನಿನ್ನ ಮೈಗೆ ಇನ್ನು ಕತ್ತರಿ ಬೇಡ, ಈ ಸಲ ನನ್ನ ಸರದಿ" ಎಂದು ತಾನೇ ನಿಮ್ಮ ಆಸ್ಪತ್ರೆಗೆ ಬಂದ. ಪಕ್ಕದ ಅಚ್ಚುಕೂಟದವನು ಕೆಣಕಿದ: "ಏನಯ್ಯಾ, ಯಂತ್ರ ಬಂದ್ ಮಾಡಿಸಿಬಿಟ್ಯಂತೆ?" ಇವನು, "ಯಂತ್ರ ಓಡ್ತಿದೆ ಕಣೋ, ಸರಕು ಮಾತ್ರ ಹೊರಗೆ ಹೋಗಲ್ಲ" ಎಂದವನು ನಾನು ಒಳಗಿರುವುದು ಕಂಡು ನಾಲಿಗೆ ಕಚ್ಚಿಕೊಂಡ. ಅಂಥ ಗಂಡಸು ಅವನು. ಕೆಟ್ಟವನೆಂದು ನೀವು ತಿಳಿಯಬಾರದೆಂದೇ ಇದನ್ನು ಬರೆದೆ.

ಅದೇ ಮಧ್ಯಾಹ್ನ ಕೈಗೆ ಪ್ರಮಾಣಪತ್ರ ಬಂತು. "ಶಸ್ತ್ರಚಿಕಿತ್ಸೆ ಯಶಸ್ವಿಯಾಗಿದೆ" ಎಂದು ದಪ್ಪ ಅಕ್ಷರ, ಕೆಳಗೆ ನಿಮ್ಮ ಸಹಿ, ಗುಂಡಗಿನ ಮುದ್ರೆ. ನರ್ಸಮ್ಮ ಹೇಳಿದ್ದು ಎರಡೇ ಮಾತು: "ಎರಡು ದಿನ ಭಾರ ಎತ್ತಬೇಡಿ. ಮುಂದಿನವರು ಬನ್ನಿ." ಬಿಡಿ ಕಾಗದ ಕಂಡರೆ ನನ್ನ ಮಗನ ಕೈ ಸುಮ್ಮನಿರುವುದಿಲ್ಲ. ಮನೆಗೆ ಬಂದವನೇ ಹಿಂಬದಿಗೆ ಅಂಟು ಬಳಿದು ರಟ್ಟಿಗೆ ಅಂಟಿಸಿ, ಅಂಚಿಗೆ ಬಟ್ಟೆಪಟ್ಟಿ ಕೊಟ್ಟು, ಗೋಡೆಗೆ ತೂಗುಹಾಕಿದ.

ಎರಡು ತಿಂಗಳಿಗೆ ಸೊಸೆ ಬಂದು, "ಅತ್ತೆ, ದಿನ ದಾಟಿದೆ" ಎಂದಳು. ಮಗ ಗೋಡೆ ನೋಡಿದ, ಅವಳನ್ನು ನೋಡಿದ. "ಯಶಸ್ವಿ ಅಂತ ಅಲ್ಲಿ ಬರೆದಿದೆಯಲ್ಲ. ಹಾಗಾದ್ರೆ ಇದು ಯಾರದು?" ಅವಳು ಸೂಜಿಯನ್ನು ಹಾಳೆಗೆ ಚುಚ್ಚಿಟ್ಟು, ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದಳು.

ನಾನು ನಿಮ್ಮ ಆಸ್ಪತ್ರೆಗೆ ಓಡಿದೆ. ಗುಮಾಸ್ತರು ತಲೆ ಎತ್ತದೆ ಕೇಳಿದರು:

"ಹಿಂದೆ ಓದಲಿಲ್ವೇನಮ್ಮಾ?"

"ಎಲ್ಲಿ ಹಿಂದೆ?"

"ಕಾಗದದ ಹಿಂದೆ."

ಮನೆಗೆ ಬಂದು ರಟ್ಟನ್ನು ನೀರಿನಲ್ಲಿ ನೆನೆಸಿ, ಉಗುರಿನಿಂದ ಕಾಗದ ಬಿಡಿಸಿದೆ. ಇರುವೆ ಸಾಲಿನಂಥ ಅಕ್ಷರ: ಒಳಗೆ ಉಳಿದ ವೀರ್ಯಾಣು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು, ಪರೀಕ್ಷೆ ಮಾಡಿಸಿ ಖಚಿತವಾಗುವವರೆಗೆ ಬೇರೆ ಮುನ್ನೆಚ್ಚರಿಕೆ ವಹಿಸಿ, ಇಲ್ಲದಿದ್ದರೆ ಗರ್ಭ ನಿಲ್ಲುವ ಸಾಧ್ಯತೆಯಿದೆ. ಮಾನ್ಯರೇ, ಯಶಸ್ಸಿಗೆ ಮುಂಬದಿ, ಸಾಧ್ಯತೆಗೆ ಹಿಂಬದಿ ಎಂದು ಹಂಚಿದ ಜಾಣರು ಯಾರು? ಒಂದು ಸಂಸಾರ ಉಳಿಸುವ ಮಾತು ಬಾಯಲ್ಲಿ ಹೇಳಲು ಎಷ್ಟು ಹೊತ್ತು ಬೇಕಿತ್ತು?

ಮಗನಿಗೆ ತೋರಿಸಿದೆ. ತಿರುಗಿಸಿ ನೋಡಿ ಹೇಳಿದ: "ಅಮ್ಮಾ, ಸಹಿ, ಮುದ್ರೆ ಎಲ್ಲಾ ಈ ಕಡೆ ಇದೆ. ಆ ಕಡೆ ಏನೂ ಇಲ್ಲ. ನೀನು ಅವಳನ್ನ ವಹಿಸ್ಕೊಂಡು ಬರಬೇಡ." ಕಾಡಿ ಬೇಡಿ ಪರೀಕ್ಷೆಗೆ ಕಳಿಸಿದೆ. ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯಾಗಿ ಐದು ತಿಂಗಳು ಕಳೆದಿತ್ತು. ಫಲಿತಾಂಶದಲ್ಲಿ ವೀರ್ಯಾಣು ಇಲ್ಲ ಎಂದು ಬಂತು. "ಇದು ಇವತ್ತಿನ ಮಾತು, ಅವತ್ತು ಇದ್ದಿರಬಹುದು" ಎಂದರು ಡಾಕ್ಟರು. ಮಗನ ಕಿವಿಗೆ ಬಿದ್ದದ್ದು "ಇಲ್ಲ" ಎಂಬುದೊಂದೇ. ಅವತ್ತು ಇದ್ದಿರಬಹುದೆಂದು ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿದರೆ, "ಅವತ್ತು ನಾನು ನೋಡಿಲ್ಲವಲ್ಲಮ್ಮಾ" ಎಂದರು. ಮಗು ಹುಟ್ಟಿದ ಮೇಲೆ ಅಪ್ಪ ಯಾರೆಂದು ತಿಳಿಯುವ ಪರೀಕ್ಷೆಯೂ ಇದೆಯಂತೆ. ಸೊಸೆಗೆ ಹೇಳಿದೆ. ಅವಳು ಅಳಲೂ ಇಲ್ಲ. "ಹುಟ್ಟಿದ ಕೂಸು ರಕ್ತ ಕೊಟ್ಟು ಅಪ್ಪನನ್ನ ಸಂಪಾದಿಸ್ಬೇಕಾ ಅತ್ತೆ? ಅವರಿಗೆ ನನ್ನ ಮಾತು ಸಾಲದಾ?" ಎಂದಳು. ಅವಳ ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ಉತ್ತರ ನಿಮಗೆ ಹೊಳೆದರೆ ತಿಳಿಸಿ.

ನಾನು ಪರಿಹಾರದ ಹಣ ಕೇಳುತ್ತಿಲ್ಲ. ಯಾರ ಕೆಲಸ ಹೋಗಲಿ ಎಂದೂ ಬಯಸಿಲ್ಲ. ನನ್ನ ಮಗನನ್ನು ಕರೆಸಿ, ಎದುರು ಕೂರಿಸಿ, ಒಂದು ಕಾಗದ ಕೊಡಿ. ಮೊದಲ ಮೂರು ತಿಂಗಳ ಎಚ್ಚರಿಕೆಯನ್ನು ನಾವು ಬಾಯಿಬಿಟ್ಟು ಹೇಳಲಿಲ್ಲ, ಆ ಅವಧಿಯಲ್ಲಿ ಗಂಡನಿಂದಲೇ ಗರ್ಭ ನಿಲ್ಲಬಹುದು ಎಂದು ಬರೆದು ಸಹಿ ಮಾಡಿ. ಅಮ್ಮನ ಮಾತಿಗೂ ಹೆಂಡತಿಯ ಮಾತಿಗೂ ಇಲ್ಲದ ಬೆಲೆ ನಿಮ್ಮ ಮುದ್ರೆಗೆ ಇದೆ. ಅದು ನನಗೆ ನಾಚಿಕೆ, ನಿಮಗೆ ಜವಾಬ್ದಾರಿ. ನಾಳೆ ಬರುವ ಗಂಡಹೆಂಡಿರಿಗಾದರೂ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿ. ಮೂರು ಸಲ ಅರ್ಜಿ ಕೊಟ್ಟೆ. "ಪರಿಶೀಲನೆಯಲ್ಲಿದೆ" ಎಂದು ಮೂರು ಸಲವೂ ಉತ್ತರ ಬಂತು. ಅವಳಿಗೀಗ ಏಳು ತಿಂಗಳು. ಹೊಟ್ಟೆಯೊಳಗಿನದಕ್ಕೆ ನಿಮ್ಮ ಪರಿಶೀಲನೆ ಮುಗಿಯುವ ತನಕ ಕಾಯಲು ಬರುವುದಿಲ್ಲ.

ಈ ಸಲವೂ ಕೊಯ್ದೇ ತೆಗೆಯಬೇಕಂತೆ. ಒಪ್ಪಿಗೆಯ ಹಾಳೆಗೆ ಬೇಕಾದರೆ ನಾನು ಸಹಿ ಹಾಕುತ್ತೇನೆ. ಆದರೆ ಒಳಗೆ ಕರೆದೊಯ್ಯುವಾಗ ಅವಳು ಒಮ್ಮೆ ಬಾಗಿಲ ಕಡೆ ತಿರುಗಿ ನೋಡುತ್ತಾಳಲ್ಲ, ಆಗ ಅಲ್ಲಿ ಯಾರನ್ನು ನಿಲ್ಲಿಸಲಿ?

ಇಂತಿ,
ಯಾವ ಕಚೇರಿಯೂ ಸಾಕ್ಷಿಯೆಂದು ಒಪ್ಪದ
ಒಬ್ಬ ಅತ್ತೆ