ಐದಕ್ಕೆ ಎಂಟು ಹೊಡೆದ ಗಡಿಯಾರ

ಅಪ್ಪ,

ಅಮ್ಮನಿಗೆ ಇನ್ನೂ ಎಚ್ಚರವಾಗಿಲ್ಲ. ನಿನ್ನ ಸೊಸೆ ಶೋಭಾರಾಣಿ ಕೋಲಾರದ ಆಸ್ಪತ್ರೆಯಿಂದ ಈಗಷ್ಟೇ ಫೋನ್ ಮಾಡಿ ಹೇಳಿದಳು. ಅಮ್ಮನ ಬಟ್ಟೆ ತರಲು ನಾನು ಮನೆಗೆ ಬಂದಿದ್ದೇನೆ.

ನೀನು ತೀರಿಹೋದ ಮೇಲೆ ನಿಂತಿದ್ದ ಲೋಲಕದ ಗಡಿಯಾರವನ್ನು ನಿನ್ನೆ ಬೆಳಿಗ್ಗೆ ನಾನೇ ಬಿಚ್ಚಿ, ಧೂಳು ಒರೆಸಿ, ಎಣ್ಣೆ ಬಿಟ್ಟು ಕೀ ಕೊಟ್ಟೆ. ಕಣ್ಣು ಕಾಣದ ಅಮ್ಮ ಅದರ ಗಂಟೆ ಎಣಿಸಿಯೇ ಮಾತ್ರೆ ನುಂಗುತ್ತಿದ್ದಳಲ್ಲ. ಟಿಕ್ ಟಿಕ್ ಕೇಳಿದ್ದೇ, "ಲೇ ಕಾಂತ, ನಿಮ್ಮಪ್ಪನ ಕೈ ನಿನಗೂ ಬಂತು ಕಣೋ. ಇನ್ನು ಟೈಮೆಷ್ಟು ಅಂತ ನಿನ್ನ ಹೆಂಡ್ತೀನ ಕಾಡೋದು ತಪ್ತು" ಅಂದಳು.

ನೀನು ಮುಳ್ಳು ತಿರುಗಿಸುವಾಗ ಪ್ರತಿ ಗಂಟೆಯಲ್ಲೂ ನಿಲ್ಲಿಸಿ, ಅದು ಹೊಡೆದು ಮುಗಿಸುವವರೆಗೆ ಕಾಯುತ್ತಿದ್ದೆ. ನನಗೆ ಕೆಲಸಕ್ಕೆ ಹೊತ್ತಾಗಿತ್ತು. ಒಂದೇ ಸಲಕ್ಕೆ ತಿರುಗಿಸಿ ಸರಿಯಾದ ಟೈಮಿಗೆ ತಂದು ಹೊರಟೆ. ಮುಳ್ಳು ಸರಿಯಿತ್ತು. ಹೊಡೆಯುವ ಲೆಕ್ಕ ತಪ್ಪಿತ್ತು.

ಸಂಜೆ ಐದಕ್ಕೆ ಅದು ಎಂಟು ಹೊಡೆದಿದೆ. ಮಧ್ಯಾಹ್ನದ ನಿದ್ದೆಯಿಂದ ಎದ್ದ ಅಮ್ಮ ರಾತ್ರಿಯ ಸಕ್ಕರೆ ಕಾಯಿಲೆ ಮಾತ್ರೆ ನುಂಗಿ, ಒಟ್ಟಿಗೆ ಉಣ್ಣೋಣವೆಂದು ನಮ್ಮ ದಾರಿ ನೋಡಿದ್ದಾಳೆ. ನಾವು ಬರುವ ಹೊತ್ತಿಗೆ ಮೈಯ ಸಕ್ಕರೆ ಇಳಿದು ಅಡುಗೆಮನೆಯಲ್ಲಿ ಬಿದ್ದಿದ್ದಳು. ಮೂರು ತಟ್ಟೆ ಹಾಕಿತ್ತು.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ತಲೆಯ ಸ್ಕ್ಯಾನ್ ಇದೆ. ಮಗನೇ ಸಹಿ ಹಾಕಬೇಕಂತೆ. ಕ್ಯಾಲನೂರಿನಿಂದ ಏಳರ ಬಸ್ಸಿಗೆ ಹೊರಡುತ್ತೇನೆ.