ಫೋನಿನ ಆ ಕಡೆ ಇದ್ದವಳು

ಜೂನ್ ೧೪, ಭಾನುವಾರ

ಚಿನ್ನಿಯ ಅಪ್ಪನಿಗೆ,

ಬೇರೆ ಹೇಗೆ ಕರೆಯಲಿ ಎಂದು ತೋಚಲಿಲ್ಲ. ಮನೆ ಬಿಟ್ಟು ಬಂದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಆಸ್ಪತ್ರೆಯಲ್ಲಿ ಅತ್ತೆಯ ಹಾಸಿಗೆ ಪಕ್ಕ ಕೂತು ಓದಬೇಡ, ಕಾರಿಡಾರಿನ ಬೆಂಚಿಗೆ ಹೋಗು.

ನಾನು ಫೋನ್ ಕೆಲಸಕ್ಕೆ ಸೇರಿದ್ದೇನೆ ಎಂದಷ್ಟೇ ನಿನಗೆ ಗೊತ್ತು. ಯಾವುದೋ ಕಂಪನಿಯ ಗ್ರಾಹಕರ ದೂರು ಕೇಳುತ್ತೇನೆ ಎಂದು ನೀನು ತಿಳಿದುಕೊಂಡೆ, ನಾನೂ ತಿದ್ದಲಿಲ್ಲ. ನನ್ನ ಕೆಲಸ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ. ಹೋದ ವಾರ ಒಂದು ಮಧ್ಯಾಹ್ನ ಅತ್ತೆ ಅಡುಗೆಮನೆಯಲ್ಲಿ ಕುಸಿದು ಬಿದ್ದಾಗ ನೀನು ಮಾಡಿದ ಫೋನ್ ಎತ್ತಿದ್ದು ನಾನು.

ನೀನು ‘ಹಲೋ’ ಎನ್ನುವಷ್ಟರಲ್ಲೇ ನಿನ್ನ ಗುರುತು ಸಿಕ್ಕಿತು. ನಿನಗೆ ನನ್ನದು ಸಿಗಲಿಲ್ಲ. ನೀನು ಆ ಸ್ಥಿತಿಯಲ್ಲಿ ಇರಲಿಲ್ಲ. ಅಲ್ಲಿ ಕೂತಾಗ ನನ್ನ ದನಿಯೂ ಬೇರೆ. ನಿನ್ನನ್ನು ‘ಸರ್’ ಎಂದು ಕರೆಯುವವಳು ಹೆಂಡತಿ ಇರಬಹುದೆಂದು ಯಾರಿಗೆ ತಾನೇ ಹೊಳೆಯುತ್ತದೆ?

ನಮ್ಮವರದೇ ಕರೆ ಬಂದರೆ ಕೈ ಎತ್ತಿ, ಪಕ್ಕದವರಿಗೆ ಕೊಟ್ಟುಬಿಡಬೇಕು. ನನ್ನ ಕೈ ಅರ್ಧ ಎದ್ದಿತ್ತು. ಅಷ್ಟರಲ್ಲಿ ನೀನು, ‘ಅಮ್ಮ ಉಸಿರಾಡ್ತಿಲ್ಲ’ ಎಂದೆ. ಕೈ ಇಳಿಸಿದೆ. ನಮ್ಮ ಮನೆಯ ವಿಳಾಸ ನಿನ್ನ ಬಾಯಿಂದ ಬರುವ ಮೊದಲೇ ಟೈಪ್ ಮಾಡಿ ಗಾಡಿ ಹೊರಡಿಸಿದ್ದೆ.

ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಡಿ, ಎದೆಯ ನಡುವೆ ಅಂಗೈ ಇಟ್ಟು ಜೋರಾಗಿ ಒತ್ತಿ ಎಂದು ನಾನು ಹೇಳಿದರೆ ನೀನು ಒತ್ತಲಿಲ್ಲ, ಕೂಗಾಡಿದೆ. ‘ಗಾಡಿ ಎಲ್ರೀ? ಫ್ಯಾನ್ ಕೆಳಗೆ ಕೂತು ಪಾಠ ಹೇಳ್ತೀರಾ? ನಿಮಗೇನು, ಯಾರು ಸತ್ತರೂ ಒಂದೇ.’

ಈ ಮಾತು ನನಗೆ ಹೊಸದಲ್ಲ. ಚಿನ್ನಿ ಮೆಟ್ಟಿಲಿನಿಂದ ಬಿದ್ದು ಹಣೆ ಒಡೆದುಕೊಂಡ ದಿನ ನೀನು, ‘ನಿನಗೇನು, ಮಗು ಸತ್ತರೂ ಒಂದೇ’ ಎಂದಿದ್ದೆ. ನಾನು ಬಾಯಿ ಬಿಗಿದುಕೊಂಡು ಅವಳ ಹಣೆ ಒರೆಸಿದೆ. ಆಮೇಲೆ ನಮ್ಮಿಬ್ಬರ ಮಾತು ನಿಂತಿತು. ಆಮೇಲೆ ನಾನು ಮನೆ ಬಿಟ್ಟೆ.

ಹೋದ ವಾರವೂ ಉತ್ತರ ಗಂಟಲವರೆಗೆ ಬಂದಿತ್ತು. ಆದರೆ ಹೆಡ್‌ಫೋನಿನಲ್ಲಿ ಮನೆಯಲ್ಲಿ ಕೇಳಿಸದ್ದೂ ಕೇಳಿಸುತ್ತದೆ. ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ನಿನ್ನ ಉಸಿರು ಬಿಕ್ಕುವ ಮಗುವಿನ ಉಸಿರಿನ ಹಾಗೆ ತುಂಡುತುಂಡಾಗುತ್ತಿತ್ತು. ಹೆದರಿದವರ ಜೊತೆ ವಾದಕ್ಕೆ ಇಳಿಯಬೇಡಿ, ಅವರ ಕೈಗೆ ಕೆಲಸ ಕೊಡಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ‘ಸರ್, ನಿಮಗೆ ಭಯ ಆಗಿದೆ. ಆಗಲಿ, ಪರವಾಗಿಲ್ಲ. ಒತ್ತಲು ಶುರು ಮಾಡಿ, ನನ್ನ ಜೊತೆ ಎಣಿಸಿ’ ಎಂದು ನಾನು ಹೇಳಿದೆ.

ನೀನು ಒತ್ತುತ್ತ ಎಣಿಸತೊಡಗಿದೆ. ನಡುವೆ, ‘ಏನೋ ಟಕ್ ಅಂತು, ಮುರೀತು. ನನ್ನ ಕೈ ಬಿರುಸು, ನಾನೇ ಕೊಂದ್ಬಿಡ್ತೀನಿ’ ಎಂದು ಅಳತೊಡಗಿದೆ. ದಿನವಿಡೀ ಮರ ಕೊಯ್ದು ಗಟ್ಟಿಯಾದ ನಿನ್ನ ಕೈ ನನಗೆ ಗೊತ್ತಿಲ್ಲವೇ? ‘ಎಲುಬು ಕೂಡುತ್ತೆ ಸರ್, ಒತ್ತಿ’ ಎಂದಷ್ಟೇ ಹೇಳಿದೆ. ಇಷ್ಟು ವರ್ಷದ ಸಂಸಾರದಲ್ಲಿ ನೀನು ಅತ್ತಿದ್ದನ್ನು ನಾನು ಕೇಳಿರಲಿಲ್ಲ.

ಗಾಡಿಯವರು ಬಾಗಿಲು ತಳ್ಳಿಕೊಂಡು ಒಳಗೆ ಬಂದ ಸದ್ದಾಯಿತು, ಲೈನ್ ಬಿಟ್ಟೆ. ಮೇಲ್ವಿಚಾರಕಿ ನನ್ನ ಮುಖ ನೋಡಿ, ‘ಗೊತ್ತಿರೋರಾ?’ ಎಂದು ಕೇಳಿದರು. ಇಲ್ಲ ಎಂದು ಹೇಳಿ ಮುಂದಿನ ಕರೆ ಎತ್ತಿಕೊಂಡೆ.

ನಿನ್ನೆ ಚಿನ್ನಿಯನ್ನು ಕರೆದುಕೊಂಡು ವಾರ್ಡಿಗೆ ಬಂದಾಗ ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ನೀನು ಆ ಫೋನಿನ ಹೆಂಗಸಿನ ಕಥೆಯನ್ನು ನರ್ಸಿಗೆ ಹೇಳಿದೆ, ನನಗೂ ಹೇಳಿದೆ. ‘ಎಷ್ಟು ಬೈದೆ ಗೊತ್ತಾ? ತಿರುಗಿ ಒಂದು ಮಾತಾಡಲಿಲ್ಲ. ನನ್ನ ಒಳಗೆ ಹೊಕ್ಕು ನೋಡಿದವಳ ಥರ ಮಾತಾಡಿದಳು. ಅಂಥವರು ಮನೇಲಿದ್ದಿದ್ರೆ...’ ಅಲ್ಲಿಗೆ ನಿಲ್ಲಿಸಿದೆ. ನಾನು ಡ್ರಿಪ್ ಬಾಟಲಿ ನೋಡುತ್ತ ನಿಂತೆ. ನನಗೆ ಬಂದದ್ದು ನಗುವೋ ಸಿಟ್ಟೋ ಈಗಲೂ ಗೊತ್ತಿಲ್ಲ.

ಒಂದು ಮಾತು. ಆ ಹೆಂಗಸಿಗೆ ಪಾಳಿ ಮುಗಿಯುತ್ತದೆ. ಬೈದವನ ಎದುರಿಗೇ ಅವಳು ಊಟಕ್ಕೆ ಕೂರಬೇಕಾಗಿಲ್ಲ. ನಿನ್ನ ಕೂಗಿನ ಅಡಿಯಲ್ಲಿ ಭಯವಿತ್ತು ಎಂದು ಈಗ ತಿಳಿಯಿತು, ನಿಜ. ಆದರೆ ಭಯವಾದವರೆಲ್ಲ ಎದುರಿಗೆ ಸಿಕ್ಕವರ ಮೇಲೆ ಹರಿಹಾಯುವುದಿಲ್ಲ. ನಿನ್ನ ಭಯವನ್ನು ಹುಡುಕಿ ತೆಗೆಯುವ ಕೆಲಸ ದಿನಾ ನನ್ನೊಬ್ಬಳದೇ ಆದರೆ ನನ್ನಿಂದಾಗದು. ಭಯವಾದಾಗ ಭಯವಾಗಿದೆ ಎಂದು ಹೇಳು. ನೋವಾದಾಗ ನಾನೂ ಬಾಯಿ ಬಿಗಿಯದೆ ಹೇಳುತ್ತೇನೆ. ಇದು ನಿನ್ನಿಂದ ಆಗುತ್ತದೋ ಇಲ್ಲವೋ, ಯೋಚನೆ ಮಾಡಿ ಹೇಳು.

ವಾಪಸ್ ಬರುತ್ತೇನೆಂದು ಮಾತು ಕೊಡಲಾರೆ. ಬುಧವಾರ ಅತ್ತೆಯನ್ನು ಮನೆಗೆ ಕಳಿಸುತ್ತಾರಂತೆ. ಅವತ್ತು ರಜೆ ಹಾಕಿದ್ದೇನೆ.

ಚಿನ್ನಿಯ ಅಮ್ಮ

ತಾ.ಕ.: ‘ನಡುವೆ ಅವಳ ಹೆಸರು ಕೇಳಿದೆ, ಹೇಳಬಾರದೆಂದು ನಿಯಮವಿದೆ ಅಂದಳು’ ಎಂದು ನೀನು ನರ್ಸಿಗೆ ಹೇಳುತ್ತಿದ್ದೆಯಲ್ಲ. ಅಂಥ ನಿಯಮವೇನೂ ಇಲ್ಲ. ಹೆಸರು ಹೇಳಿದರೆ ನೀನು ಫೋನ್ ಇಟ್ಟುಬಿಡುತ್ತೀಯೇನೋ ಎಂದು ನನಗೆ ಭಯವಾಗಿತ್ತು.